ರುಜುವಿನ ಸೆರೆಮನೆ

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು. ಕೈಗೆ ಕೋಳ, ಕಾಲಿಗೆ ಸರಪಳಿ. ಆ ವಾರ ನಮ್ಮ ಸಂಘದ ವಾಚನಾಲಯದಲ್ಲಿ ಕೇಳಿಬಂದ ಮಾತು ಒಂದೇ: "ಕಳ್ಳದಾರಿಯಲ್ಲಿ ಹೋದವರಿಗೆ ಆರತಿ ಎತ್ತಬೇಕಿತ್ತೇನು?" ಹಾಗೆಂದವರಲ್ಲಿ ಕೆಲವರ ಮಕ್ಕಳು ವೀಸಾದ ಅವಧಿಯನ್ನು ಎಣಿಸುತ್ತ ನ್ಯೂಜೆರ್ಸಿಯಲ್ಲಿದ್ದಾರೆ. ಇನ್ನು ಕೆಲವರ ತಂದೆಯಂದಿರು 1960ರ ದಶಕದ ಕೊನೆಯಲ್ಲಿ ಇದೇ ಮುಂಬಯಿಯಲ್ಲಿ ಉಡುಪಿ ಹೋಟೆಲುಗಳ ಗಾಜು ಒಡೆಯುವ ಸದ್ದನ್ನು ಕೇಳಿದವರು. ಮರೆವು ನಮ್ಮವರಿಗೆ ಇಷ್ಟು ಸಲೀಸಾಗಿ ಒದಗಿಬರುತ್ತದೆಂದು ನಾನು ಎಣಿಸಿರಲಿಲ್ಲ.

ಗಡಿ ಕಾಯುವ ಹಕ್ಕು ಯಾವ ದೇಶಕ್ಕೂ ಉಂಟು. ಅದನ್ನು ಅಲ್ಲಗಳೆಯುವವನು ನಾನಲ್ಲ. ನನ್ನ ತಕರಾರು ಇರುವುದು ಸೆರೆಯ ಬಗೆಗೆ. ವಿಚಾರಣೆಯಿಲ್ಲದೆ, ಒಬ್ಬನೇ ಒಬ್ಬನ ರುಜುವಿನಿಂದ, 'ರಾಷ್ಟ್ರೀಯ ಭದ್ರತೆ' ಎಂಬೆರಡು ಪದಗಳ ಬಲದಿಂದ ಹುಟ್ಟುವ ಸೆರೆಯ ಬಗೆಗೆ.

1942ರ ಫೆಬ್ರವರಿ 19ರಂದು ರೂಸ್‌ವೆಲ್ಟ್ ರುಜು ಹಾಕಿದ 9066ನೆಯ ಆಜ್ಞೆಯನ್ನು ಒಮ್ಮೆ ಓದಿ ನೋಡಬೇಕು. ಅದರಲ್ಲಿ ಜಪಾನೀಯರೆಂಬ ಪದವೇ ಇಲ್ಲ! ಸೇನಾಧಿಕಾರಿಗಳು ಕೆಲವು ಪ್ರದೇಶಗಳನ್ನು ಸೇನಾವಲಯಗಳೆಂದು ಗುರುತಿಸಬಹುದು, ಅಲ್ಲಿಂದ ಯಾರನ್ನಾದರೂ ಹೊರಗಿಡಬಹುದು ಎಂದಷ್ಟೇ ಇದೆ. ಕಚೇರಿಯ ಕಾಗದದಂಥ ಈ ಸಪ್ಪೆ ವಾಕ್ಯಗಳ ಬೆನ್ನಿಗೆ ಸುಮಾರು 1,20,000 ಮಂದಿ ಜಪಾನೀ ಮೂಲದವರು ಮುಳ್ಳುತಂತಿಯ ಹಿಂದೆ ಹೋದರು. ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. 1944ರಲ್ಲಿ ಕೊರೆಮಾತ್ಸು ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆರು–ಮೂರರ ಬಹುಮತದಿಂದ ಈ ಹೊರದೂಡುವಿಕೆಗೆ ಮುದ್ರೆಯೊತ್ತಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಜಾಕ್ಸನ್, ಒಮ್ಮೆ ಒಪ್ಪಿಕೊಂಡ ಇಂಥ ತತ್ತ್ವವು ಗುಂಡು ತುಂಬಿದ ಆಯುಧದಂತೆ ಮುಂದೆ ಬರುವ ಅಧಿಕಾರಸ್ಥರ ಕೈಗೆಟುಕುವಂತೆ ಬಿದ್ದಿರುತ್ತದೆಂದು ಎಚ್ಚರಿಸಿದರು. ಅಮೆರಿಕ ವಿಧ್ಯುಕ್ತವಾಗಿ ಕ್ಷಮೆ ಕೇಳಿ, ಬದುಕುಳಿದ ಒಬ್ಬೊಬ್ಬರಿಗೂ 20,000 ಡಾಲರು ಕೊಡಲೊಪ್ಪಿದ್ದು 1988ರಲ್ಲಿ. ಅಷ್ಟರಲ್ಲಿ 46 ವರ್ಷ ಕಳೆದಿದ್ದವು.

ವಿಪರ್ಯಾಸ ನೋಡಿ: 2018ರಲ್ಲಿ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಕೊರೆಮಾತ್ಸು ತೀರ್ಪು ಹುಟ್ಟಿದ ದಿನವೇ ತಪ್ಪಾಗಿತ್ತೆಂದು ಸಾರಿದರು. ಸಾರಿದ್ದು ಯಾವ ತೀರ್ಪಿನಲ್ಲಿ? ಬಹುಪಾಲು ಮುಸ್ಲಿಮ್ ದೇಶಗಳ ಜನರ ಪ್ರವೇಶ ತಡೆದ ಟ್ರಂಪರ ಘೋಷಣೆಯನ್ನು ಎತ್ತಿಹಿಡಿದ ತೀರ್ಪಿನಲ್ಲಿಯೇ.

ಇನ್ನು ಗ್ವಾಂಟನಾಮೊ. 1990ರ ದಶಕದ ಆರಂಭದಲ್ಲಿ ದೋಣಿಯೇರಿ ಬಂದ ಹೈಟಿಯ ನಿರಾಶ್ರಿತರನ್ನು ಅಲ್ಲಿ ಕೂಡಿಹಾಕಿದ್ದರು. 2001ರ ನವೆಂಬರ್ 13ರ ಬುಷ್ ಆಜ್ಞೆಯ ತರುವಾಯ, 2002ರ ಜನವರಿಯಿಂದ, 'ಭಯೋತ್ಪಾದಕ'ರ ಸರದಿ. ಒಟ್ಟು ಸುಮಾರು 780 ಮಂದಿ. ಒಬಾಮಾ 2009ರ ಜನವರಿ 22ರಂದು, ವರ್ಷದೊಳಗೆ ಆ ಸೆರೆಮನೆ ಮುಚ್ಚತಕ್ಕದ್ದೆಂದು ರುಜು ಹಾಕಿದರು. ಕಾಂಗ್ರೆಸ್ಸು ಅಡ್ಡಗಾಲಿಟ್ಟಿತು, ನಿಜ. ಆದರೆ 2011ರ ಮಾರ್ಚಿನಲ್ಲಿ ಇನ್ನೊಂದು ಆಜ್ಞೆಯಿಂದ, ವಿಚಾರಣೆಯಿಲ್ಲದ ಸೆರೆಗೆ ಕಾಲಕಾಲದ ಪರಿಶೀಲನೆಯೆಂಬ ಮರ್ಯಾದಸ್ಥ ಅಂಗಿ ತೊಡಿಸಿದವರೂ ಅವರೇ. 2018ರಲ್ಲಿ ಟ್ರಂಪ್ ಮುಚ್ಚುವ ಆಜ್ಞೆಯನ್ನು ರದ್ದುಪಡಿಸಿದರು. 2025ರ ಜನವರಿ 29ರಂದು ಅದೇ ನೆಲೆಯಲ್ಲಿ 30,000 ವಲಸಿಗರಿಗೆ ಜಾಗವೆಂದು ಸಾರಿದರು. ವಲಸಿಗನಿಂದ ಶಂಕಿತನಿಗೆ, ಶಂಕಿತನಿಂದ ಮರಳಿ ವಲಸಿಗನಿಗೆ. ಕೊಟ್ಟಿಗೆ ಒಂದೇ, ಕಟ್ಟುವ ದನ ಬೇರೆ.

ಆ ಮಾರ್ಚಿನಲ್ಲಿ 1798ರ ಶತ್ರುವಿದೇಶೀಯರ ಕಾನೂನನ್ನು ಅಟ್ಟದಿಂದಿಳಿಸಲಾಯಿತು. ಅದುವರೆಗೆ ಮೂರು ಯುದ್ಧಗಳಲ್ಲಿ ಮಾತ್ರ ಬಳಕೆಯಾಗಿದ್ದ ಶಾಸನವದು. ಒಂದು ಪಾತಕಿ ಗುಂಪಿಗೆ ಸೇರಿದವರೆಂಬ ಆರೋಪ ಹೊರಿಸಿ ವೆನೆಜುವೆಲಾದವರನ್ನು ಎಲ್ ಸಾಲ್ವಡಾರಿನ ಬಂದೀಖಾನೆಗೆ ಸಾಗಿಸಿದರು. ಮುನ್ಸೂಚನೆ ಕೊಡಬೇಕು, ಪ್ರಶ್ನಿಸಲು ಅವಕಾಶವಿರಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು ಏಪ್ರಿಲ್ 7ರಂದು, ವಿಮಾನಗಳು ಹೋಗಿ ಮೂರು ವಾರವಾದ ಮೇಲೆ. ಅದೇ ದಿನಗಳಲ್ಲಿ, ಅಲ್ಲಿಗೆ ಕಳುಹಿಸಕೂಡದೆಂಬ ಆದೇಶವಿದ್ದ ಒಬ್ಬಾತನನ್ನೂ ಕಳುಹಿಸಿಬಿಟ್ಟಿದ್ದರು. ಅದು ಆಡಳಿತದ ಅಚಾತುರ್ಯವೆಂದು ಸರಕಾರವೇ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ವಿಚಾರಣೆ ಯಾಕೆ ಬೇಕೆಂದು ಕೇಳುವವರು ಈ ಅಚಾತುರ್ಯವನ್ನು ಓದಿಕೊಳ್ಳಲಿ.

ಟ್ರಂಪರೊಬ್ಬರನ್ನು ಬೈದು ಕೈತೊಳೆದುಕೊಳ್ಳುವ ನಮ್ಮ ಪ್ರಗತಿಪರ ಮಿತ್ರರಿಗೂ ಒಂದು ಮಾತು. ಅಮೃತಸರದ ವಿಮಾನ ಬಂದ ಮರುದಿನ ನಮ್ಮ ವಿದೇಶಾಂಗ ಸಚಿವರು ರಾಜ್ಯಸಭೆಯಲ್ಲಿ, ಗಡೀಪಾರು ಹೊಸದಲ್ಲ, 2009ರಿಂದ ವರ್ಷವಾರು ಲೆಕ್ಕವಿದೆ, ಕೋಳದ ನಿಯಮ 2012ರಿಂದ ಇದೆ ಎಂದರು. ಸಮರ್ಥನೆಗೆಂದು ಆಡಿದ ಆ ಮಾತು ದೋಷಾರೋಪವೂ ಹೌದು. ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟುಹೋದ ಸಜ್ಜನರನ್ನು ಯಾರೂ ಕೇಳಲಿಲ್ಲ.

ನಾವೇನು ಬೇರೆಯೆ? 1962ರ ಯುದ್ಧದ ಹೊತ್ತಿನಲ್ಲಿ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿಯಲ್ಲಿ ಕೂಡಿಟ್ಟವರು ನಾವು. ತುರ್ತುಸ್ಥಿತಿಯಲ್ಲಿ ಸೆರೆಯನ್ನು ಪ್ರಶ್ನಿಸುವ ಹಕ್ಕೇ ಇಲ್ಲವೆಂದು 1976ರಲ್ಲಿ ನಮ್ಮ ಸುಪ್ರೀಂ ಕೋರ್ಟು ನುಡಿದಾಗ ಒಪ್ಪದೆ ಉಳಿದವರು ನ್ಯಾಯಮೂರ್ತಿ ಖನ್ನಾ ಒಬ್ಬರೇ. ಆ ತೀರ್ಪು ಅಳಿಸಿಹೋದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಹೆಸರಿನ ಮೊಕದ್ದಮೆಯಲ್ಲಿ. ಇಷ್ಟರ ನಡುವೆ, 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಮ್ಮೆಲ್ಲರ ಕಣ್ಣಲ್ಲಿ ನಿಂತ ಸ್ನೇಹಲತಾ ರೆಡ್ಡಿ, ಮೀಸಾ ಕಾನೂನಿನಡಿ ಬೆಂಗಳೂರಿನ ಸೆರೆಮನೆಯಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರು ಯಾವ ಗಡಿಯನ್ನೂ ಕಳ್ಳದಾರಿಯಲ್ಲಿ ದಾಟಿದವರಲ್ಲ.