ಬಾಲಗಾಂವಕ್ಕೆ ರೋಬೊ ಬರುವ ದಾರಿ

ದಸರಾ ಕಳೆದು ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಹೊತ್ತಿಕೊಳ್ಳುವ ಹೊತ್ತಿಗೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಹಳ್ಳಿಗಳಿಂದ ಟ್ರ್ಯಾಕ್ಟರುಗಳು ಹೊರಡುತ್ತವೆ. ಟ್ರೇಲರಿನಲ್ಲಿ ಹಾಸಿಗೆ, ಪಾತ್ರೆ, ಜೋಳದ ಚೀಲ, ಒಂದೆರಡು ಆಡು, ಶಾಲೆ ಬಿಡಿಸಿಕೊಂಡು ಬಂದ ಮಕ್ಕಳು. ಬಾಲಗಾಂವ, ಉಮದಿಯಂಥ ಗಡಿನಾಡ ಕನ್ನಡದ ಊರುಗಳಿರುವ ಈ ಪೂರ್ವಭಾಗ ಮಳೆಯನ್ನೇ ನಂಬಿದ ಬಿಳಿಜೋಳ, ಸಜ್ಜೆಯ ನೆಲ. ಮಳೆ ಕೈಕೊಟ್ಟ ವರ್ಷ ಕಬ್ಬು ಕಡಿಯುವ ಗ್ಯಾಂಗಿಗೆ ಸೇರುವುದೇ ಅನೇಕರ ಪಾಲಿಗೆ ಉಳಿದ ದಾರಿ. ಕೂಲಿಗಳನ್ನು ಗೊತ್ತುಮಾಡುವ ಗುತ್ತಿಗೆದಾರ, ಅಂದರೆ ಮುಕಾದಮ, ಮುಂಗಡ ಕೊಟ್ಟಿರುತ್ತಾನೆ. ಅದು ತೀರುವ ತನಕ ದುಡಿಯಬೇಕು. ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕದಲ್ಲಿ ಒಂದು ‘ಕೊಯ್ತಾ’.

ಇಬ್ಬರು ಮನುಷ್ಯರನ್ನು ಒಂದು ಹತ್ಯಾರವೆಂದು ಎಣಿಸಿಕೊಂಡು ಬಂದ ಉದ್ಯಮಕ್ಕೆ ಯಂತ್ರ ಬಾರದೆ ಇದ್ದೀತೆ? ಬಂದಿದೆ. ಕೃಷ್ಣೆಯ ದಂಡೆಯ ಹೊಲಗಳಲ್ಲಿ ಈಗ ಕಬ್ಬು ಕಟಾವು ಯಂತ್ರಗಳು ಓಡಾಡುತ್ತವೆ. ಬುಡಕ್ಕೇ ಕಡಿದು, ತುಂಡು ಮಾಡಿ, ರವದಿಯನ್ನು ಫ್ಯಾನಿನ ಗಾಳಿಗೆ ತೂರಿ, ಪಕ್ಕದಲ್ಲೇ ಸಾಗುವ ಟ್ರಾಲಿಗೆ ಕಬ್ಬು ಸುರಿಯುವ ಯಂತ್ರ ಅದು. ಬೆಲೆ ಕೋಟಿ ರೂಪಾಯಿಯ ಆಸುಪಾಸು. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಇಂಥ 900 ಯಂತ್ರಗಳಿಗೆ ಬೆಲೆಯ ಶೇ 40ರಷ್ಟು, ಗರಿಷ್ಠ 35 ಲಕ್ಷ ರೂಪಾಯಿ ಸಹಾಯಧನ ಕೊಡುವ ಯೋಜನೆ ತಂದಿತು. ಒಂದು ಯಂತ್ರ ಹೊಲಕ್ಕಿಳಿದರೆ ಹತ್ತಾರು ಕೊಯ್ತಾಗಳ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ.

ರೋಬೊ ಬಂದರೆ ಕೆಲಸ ಹೋಗುತ್ತದೆ ಎಂಬ ಚರ್ಚೆ ಬೆಂಗಳೂರು, ಪುಣೆಯ ಕಚೇರಿಗಳಲ್ಲಿ ಜೋರಾಗಿದೆ. ಬಾಲಗಾಂವದಂಥ ಊರಿಗೆ ಆ ಪ್ರಶ್ನೆ ಕಚೇರಿಯ ಬಾಗಿಲಿಗಿಂತ ಮೊದಲು ಹೊಲದ ಬದುವಿನಿಂದಲೇ ಬಂದಿದೆ. ಆದರೆ ಅದನ್ನು ‘ರೋಬೊ ಬಂತು, ಕೂಲಿ ಹೋಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸುವಂತಿಲ್ಲ. ಯಾವ ಕೆಲಸ ಮೊದಲು ಹೋಗುತ್ತದೆ, ಯಾವುದು ಉಳಿಯುತ್ತದೆ ಎನ್ನುವುದು ರೋಬೊ ಕೆಲಸ ಮಾಡುವ ಬಗೆಯನ್ನೇ ಅವಲಂಬಿಸಿದೆ. ಹೋದ ಕೆಲಸದ ಲಾಭ ಯಾರಿಗೆ ಎನ್ನುವುದು ಮಾತ್ರ ಯಂತ್ರ ಯಾರ ಹೆಸರಿನಲ್ಲಿದೆ ಎಂಬುದರ ಮೇಲೆ ನಿಂತಿದೆ.

ಕಟ್ಟುನಿಟ್ಟಾಗಿ ಹೇಳಿದರೆ ಕಟಾವು ಯಂತ್ರ ರೋಬೊ ಅಲ್ಲ. ಅದರೊಳಗೆ ಚಾಲಕ ಕೂತಿರುತ್ತಾನೆ. ನೋಡುವವನೂ ಅವನೇ, ತೀರ್ಮಾನಿಸುವವನೂ ಅವನೇ. ಸುತ್ತಲಿನದನ್ನು ತಾನೇ ಗ್ರಹಿಸಿ, ಏನು ಮಾಡಬೇಕೆಂದು ತಾನೇ ಲೆಕ್ಕ ಹಾಕಿ, ಆಮೇಲೆ ಕೈಕಾಲು ಆಡಿಸುವ ಯಂತ್ರಕ್ಕೆ ರೋಬೊ ಎನ್ನುತ್ತಾರೆ. ಕಣ್ಣಿನ ಜಾಗದಲ್ಲಿ ಕ್ಯಾಮೆರಾ, ಸೆನ್ಸರ್. ತಲೆಯ ಜಾಗದಲ್ಲಿ ಕಂಪ್ಯೂಟರ್. ಸ್ನಾಯುವಿನ ಜಾಗದಲ್ಲಿ ಮೋಟಾರು. ಈ ಮೂರೂ ಒಂದರ ಹಿಂದೊಂದು, ಸೆಕೆಂಡಿಗೆ ಹತ್ತಾರು, ನೂರಾರು ಸಲ ಸುತ್ತುತ್ತಲೇ ಇರಬೇಕು. ಮನುಷ್ಯನ ಆಕಾರ ಬೇಕೇಬೇಕೆಂದೇನೂ ಇಲ್ಲ. 2020ರ ಜನವರಿಯಲ್ಲಿ ಇಸ್ರೊ ಬೆಂಗಳೂರಿನಲ್ಲಿ ತೋರಿಸಿದ ‘ವ್ಯೋಮಮಿತ್ರ’ಳಿಗೆ ಮುಖ, ಕೈ ಇದ್ದುದರಿಂದ ಎಲ್ಲ ಪತ್ರಿಕೆಗಳಲ್ಲೂ ಚಿತ್ರ ಬಂತು. ಮುಖವಿಲ್ಲದ ರೋಬೊಗಳ ಚಿತ್ರ ಯಾರೂ ಹಾಕುವುದಿಲ್ಲ, ಅಷ್ಟೇ.

ಅಂಥ ಮುಖವಿಲ್ಲದ ಯಂತ್ರವೊಂದು ದ್ರಾಕ್ಷಿ ಬೆಳೆಗಾರರಿಗೆ ಆಗಲೇ ಪರಿಚಿತ. ಸಾಂಗ್ಲಿ, ತಾಸಗಾಂವ, ವಿಜಯಪುರದ ಸುತ್ತ ದ್ರಾಕ್ಷಿಯನ್ನು ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡಿ, ಎರಡು ವಾರದಷ್ಟು ಒಣಗಿಸಿ ಒಣದ್ರಾಕ್ಷಿ ಮಾಡುತ್ತಾರೆ. ಆಮೇಲಿನದು ಆರಿಸುವ ಕೆಲಸ. ಹಿಂದೆ ಸಾಲಾಗಿ ಕೂತ ಹೆಂಗಸರು ಮಾಡುತ್ತಿದ್ದ ಈ ಕೆಲಸದ ದೊಡ್ಡ ಪಾಲು ಈಗ ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಮಾದರಿಯ ಯಂತ್ರಗಳಿಗೆ ಹೋಗಿದೆ. ಇಳಿಜಾರಿನಲ್ಲಿ ಒಣದ್ರಾಕ್ಷಿ ಜಾರಿ ಬೀಳುತ್ತದೆ. ಬೀಳುವ ಕ್ಷಣದಲ್ಲಿ ಕ್ಯಾಮೆರಾ ನೋಡುತ್ತದೆ. ಕಪ್ಪಾದದ್ದು, ಕಡ್ಡಿ ಅಂಟಿದ್ದು ಯಾವುದೆಂದು ಕಂಪ್ಯೂಟರ್ ಗುರುತಿಸುತ್ತದೆ. ಅದು ಗಾಳಿಯ ನಳಿಕೆಯ ಎದುರು ಬಂದಾಗ ‘ಚಟ್’ ಎಂದು ಒಂದು ಊದು. ಆ ಒಂದೇ ಕಾಳು ಪಕ್ಕದ ಡಬ್ಬಿಗೆ ಹಾರುತ್ತದೆ. ಕಲಬುರಗಿಯ ತೊಗರಿ ಬೇಳೆ ಮಿಲ್ಲುಗಳಲ್ಲೂ ಇದೇ ಬಗೆಯ ಯಂತ್ರ. ನೋಡುವುದು, ತೀರ್ಮಾನಿಸುವುದು, ಮಾಡುವುದು ಮೂರೂ ಇಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತವೆ. ಯಾರೂ ಇದನ್ನು ರೋಬೊ ಎಂದು ಕರೆಯಲಿಲ್ಲ, ಹೀಗಾಗಿ ಯಾರೂ ಚರ್ಚಿಸಲೂ ಇಲ್ಲ.

ತೀರ್ಮಾನವನ್ನು ಎಷ್ಟರ ಮಟ್ಟಿಗೆ ಯಂತ್ರಕ್ಕೆ ಬಿಡಬಹುದು? ಇದಕ್ಕೆ 2023ರ ಆಗಸ್ಟ್ 23ರ ಸಂಜೆ ಒಳ್ಳೆಯ ಉದಾಹರಣೆ. ಚಂದ್ರಯಾನ–3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದ ಕೊನೆಯ ಸುಮಾರು 19 ನಿಮಿಷ ಬೆಂಗಳೂರಿನ ಪೀಣ್ಯದ ಇಸ್ಟ್ರಾಕ್ ಕೇಂದ್ರದವರಿಗೆ ಪರದೆ ನೋಡುವುದಷ್ಟೇ ಕೆಲಸವಾಗಿತ್ತು. ಎತ್ತರ ಅಳೆದದ್ದು, ಎಂಜಿನ್ನಿನ ಬಲ ತಗ್ಗಿಸಿದ್ದು, ಕಲ್ಲುಗುಂಡಿಲ್ಲದ ಜಾಗ ಹುಡುಕಿದ್ದು ಎಲ್ಲವೂ ವಿಕ್ರಮನೇ. ಅಲ್ಲಿಂದ ಇಳಿದ 26 ಕೆ.ಜಿ. ತೂಕದ ಪ್ರಜ್ಞಾನ್ ರೋವರ್‌ಗೆ ಮಾತ್ರ ಆ ಸ್ವಾತಂತ್ರ್ಯ ಕೊಟ್ಟಿರಲಿಲ್ಲ. ಅದರ ಎರಡು ಕ್ಯಾಮೆರಾಗಳ ಚಿತ್ರಗಳು ಭೂಮಿಗೆ ಬಂದು, ಇಲ್ಲಿ ನೆಲದ ಉಬ್ಬುತಗ್ಗಿನ ನಕಾಶೆ ತಯಾರಾಗಿ, ಹೀಗೆ ಹೋಗು ಎಂಬ ಆದೇಶ ಹೋದ ಮೇಲೆಯೇ ಆರು ಚಕ್ರಗಳು ಉರುಳುತ್ತಿದ್ದವು. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಗುಂಡಿ ಕಂಡಾಗ ಬಂದ ದಾರಿಯಲ್ಲೇ ತಿರುಗಿ ಹೋಗಲು ಅದಕ್ಕೆ ಹೇಳಲಾಯಿತು. ಅವಸರವಿದ್ದಲ್ಲಿ ಯಂತ್ರಕ್ಕೆ ಬಿಟ್ಟರು, ವ್ಯವಧಾನವಿದ್ದಲ್ಲಿ ಮನುಷ್ಯರು ತೀರ್ಮಾನ ಇಟ್ಟುಕೊಂಡರು. ಜಗತ್ತಿನ ಬಹುತೇಕ ರೋಬೊಗಳು ಈ ಎರಡರ ನಡುವೆ ಎಲ್ಲೋ ಇವೆ. ಆಸ್ಪತ್ರೆಗಳ ‘ರೋಬೊಟಿಕ್ ಸರ್ಜರಿ’ ಎಂಬ ಜಾಹೀರಾತು ಕಂಡು ಗಾಬರಿಯಾಗುವವರು ಇದನ್ನು ನೆನಪಿಡುವುದು ಒಳ್ಳೆಯದು: ಅಲ್ಲಿ ಕತ್ತರಿ ಆಡಿಸುವುದು ಪಕ್ಕದಲ್ಲೇ ಕೂತ ಡಾಕ್ಟರರೇ.

ಕಾರ್ಖಾನೆಯ ರೋಬೊ ಕಥೆ ಹಳೆಯದು. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಘಟಕದಲ್ಲಿ ‘ಯೂನಿಮೇಟ್’ ಎಂಬ ಯಾಂತ್ರಿಕ ತೋಳು ಅಚ್ಚಿನಿಂದ ಬಿಸಿ ಲೋಹದ ಬಿಡಿಭಾಗ ಎತ್ತಿಡಲು ಶುರುಮಾಡಿತು. ಅಂತರರಾಷ್ಟ್ರೀಯ ರೊಬೊಟಿಕ್ಸ್ ಒಕ್ಕೂಟದ ಲೆಕ್ಕದಂತೆ 2024ರಲ್ಲಿ ಜಗತ್ತಿನ ಕಾರ್ಖಾನೆಗಳಿಗೆ ಸೇರಿದ ಹೊಸ ರೋಬೊಗಳು ಸುಮಾರು 5.42 ಲಕ್ಷ, ಅರ್ಧಕ್ಕಿಂತ ಹೆಚ್ಚು ಚೀನಾದಲ್ಲಿ. ಭಾರತದ ಪಾಲು ಸುಮಾರು 9,100, ಅದರಲ್ಲೂ ದೊಡ್ಡ ಪಾಲು ವಾಹನ ಉದ್ಯಮದ್ದು. ಕಾರಿನ ಬಾಗಿಲು ಪ್ರತಿ ಸಲವೂ ಅದೇ ಜಾಗಕ್ಕೆ, ಅದೇ ಕೋನದಲ್ಲಿ ಬಂದು ನಿಲ್ಲುವುದರಿಂದ ಬೆಸುಗೆಯ ರೋಬೊಗೆ ಕಣ್ಣಿಲ್ಲದಿದ್ದರೂ ನಡೆಯುತ್ತದೆ.

ದ್ರಾಕ್ಷಿಯ ಗೊನೆ ಹಾಗೆ ಬಂದು ನಿಲ್ಲುವುದಿಲ್ಲ.

ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ಬಳಿಕ ಚಪ್ಪರದ ಕೆಳಗೆ ನಡೆಯುವ ಕೆಲಸಗಳನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ಗೊನೆ ಎಳೆಯದಾಗಿರುವಾಗ ಜಿ.ಎ. (ಜಿಬ್ಬರೆಲಿಕ್ ಆಮ್ಲ) ದ್ರಾವಣದ ಲೋಟ ಹಿಡಿದು ಒಂದೊಂದನ್ನೇ ಅದ್ದಬೇಕು. ಆಮೇಲೆ ಥಿನ್ನಿಂಗ್: ಒತ್ತೊತ್ತಾದ ಕಾಳುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಉದುರಬೇಕು ಎಂದು ನೋಡಿ ಸಣ್ಣ ಕತ್ತರಿಯಿಂದ ಬಿಡಿಸಬೇಕು. ಗೊನೆಗಳಲ್ಲಿ ಕೆಲವು ಎಲೆಯ ಹಿಂದೆ, ಕೆಲವು ತಂತಿಗೆ ಸಿಕ್ಕಿಕೊಂಡು, ಕೆಲವು ಬಿಸಿಲಿಗೆ ಹೊಳೆಯುತ್ತ, ಕೆಲವು ನೆರಳಲ್ಲಿ ಕಪ್ಪಗೆ. ಕೆಲಸ ಮಾಡುವ ಹೆಂಗಸಿನ ಎಡಗೈ ಗೊನೆಯನ್ನು ಎತ್ತಿ ತಿರುಗಿಸುತ್ತದೆ, ಬಲಗೈ ಕತ್ತರಿಸುತ್ತದೆ, ಬಾಯಿ ಪಕ್ಕದ ಸಾಲಿನವಳೊಂದಿಗೆ ಮಾತಾಡುತ್ತಿರುತ್ತದೆ. ಇಷ್ಟನ್ನು ಒಟ್ಟಿಗೆ ಮಾಡಬಲ್ಲ, ಕೂಲಿಯ ದರಕ್ಕೂ ಹೊಂದುವ ರೋಬೊ ಇಂದಿಗೂ ಮಾರುಕಟ್ಟೆಗೆ ಬಂದಿಲ್ಲ. ಕಂಪ್ಯೂಟರಿಗೆ ಚೆಕರ್ಸ್ ಆಟ ಕಲಿಸುವುದು ಸುಲಭ, ಒಂದು ವರ್ಷದ ಕೂಸಿನಂತೆ ನೋಡಿ ನಡೆಯುವುದನ್ನು ಕಲಿಸುವುದು ಕಷ್ಟ ಎಂದು ರೊಬೊಟಿಕ್ಸ್ ವಿಜ್ಞಾನಿ ಹ್ಯಾನ್ಸ್ ಮೊರಾವೆಕ್ 1988ರಲ್ಲೇ ಗುರುತಿಸಿದ್ದರು. ಕೂಲಿಯಲ್ಲಿ ಅಗ್ಗವೆಂದು ಎಣಿಸುವ ಕೈಕೆಲಸವೇ ಎಂಜಿನಿಯರುಗಳಿಗೆ ಎಲ್ಲಕ್ಕಿಂತ ದುಬಾರಿಯಾಗಿ ಕೂತಿದೆ. ಈ ಕೌಶಲಕ್ಕೆ ಪಗಾರದಲ್ಲಿ ಬೆಲೆ ಕಟ್ಟದಿರುವುದು ಬೇರೆಯೇ ಅನ್ಯಾಯ.

ನಡುವೆ ಒಂದು ಹಾದಿ ತೆರೆದುಕೊಳ್ಳುತ್ತಿದೆ. ಬೆಂಗಳೂರಿನ ಟಾರ್ಟನ್‌ಸೆನ್ಸ್ ಎಂಬ ಕಂಪನಿ — ಈಗ ಅದರ ಹೆಸರು ನಿಕೊ ರೊಬೊಟಿಕ್ಸ್ — ಹತ್ತಿ ಹೊಲದ ಕಳೆಯನ್ನು ಗುರುತಿಸುವ ಸಣ್ಣ ರೋಬೊದಿಂದ ಶುರುಮಾಡಿ, ಟ್ರ್ಯಾಕ್ಟರಿಗೆ ಜೋಡಿಸುವ ಸಿಂಪರಣೆ ಯಂತ್ರಕ್ಕೆ ಬಂದು ನಿಂತಿತು. ಕ್ಯಾಮೆರಾ ಗಿಡವನ್ನು ಗುರುತಿಸಿದಲ್ಲಿ ಮಾತ್ರ ನಳಿಕೆ ತೆರೆಯುತ್ತದೆ, ಬರಿಯ ನೆಲದ ಮೇಲೆ ಔಷಧಿ ಬೀಳುವುದಿಲ್ಲ. ಪೂರ್ತಿ ರೋಬೊ ಮಾರುವುದಕ್ಕಿಂತ, ರೈತನ ಟ್ರ್ಯಾಕ್ಟರಿಗೆ ಕಣ್ಣು ಕೊಡುವುದು ಜಾಣತನವೆಂದು ಅವರಿಗೆ ಅನುಭವವೇ ಕಲಿಸಿರಬೇಕು. ಔಷಧಿ ಹೊಡೆಯುವ ಡ್ರೋನ್ ಇನ್ನೂ ಮುಂದೆ ಹೋಗಿ ಹಳ್ಳಿಗಳನ್ನು ತಲುಪಿದೆ. 2023ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ನಮೋ ಡ್ರೋನ್ ದೀದಿ’ ಯೋಜನೆಯ ಗುರಿ 15,000 ಮಹಿಳಾ ಸ್ವಸಹಾಯ ಸಂಘಗಳು. ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವು. ಹತ್ತು ಲೀಟರಿನ ಟ್ಯಾಂಕಿನೊಂದಿಗೆ ಎಕರೆ ಹೊಲವನ್ನು ಹತ್ತು ನಿಮಿಷದೊಳಗೆ ಮುಗಿಸುವ ಡ್ರೋನ್ ಕಬ್ಬಿಗೆ, ತೊಗರಿಗೆ ಹೇಳಿ ಮಾಡಿಸಿದಂತಿದೆ. ದ್ರಾಕ್ಷಿ ಚಪ್ಪರಕ್ಕೆ ಬಂದರೆ ಸ್ವಲ್ಪ ತಡೆ: ಡೌನಿ ರೋಗ ಬೇರೂರುವುದು ಎಲೆಯ ತಳಭಾಗದಲ್ಲಿ, ಡ್ರೋನ್ ಹೊಡೆಯುವುದು ಮೇಲಿನಿಂದ. ಜತೆಗೆ ಬ್ಯಾಟರಿ ಕೆಲವೇ ನಿಮಿಷಕ್ಕೆ ಇಳಿಯುತ್ತದೆ. ಹೊಲದಲ್ಲಿ ಕರೆಂಟು ಯಾವ ಹೊತ್ತಿಗೆ ಬರುತ್ತದೆಂದು ರೈತರನ್ನೇ ಕೇಳಬೇಕು.

ಹಾಗಾದರೆ ಬಾಲಗಾಂವದ ಲೆಕ್ಕ ಹೀಗಾಗುತ್ತದೆ. ತೋಟದ ಕೈಕೆಲಸ ಸದ್ಯಕ್ಕೆ ಉಳಿಯುತ್ತದೆ, ಗುಳೆ ಹೋಗುವ ಕಬ್ಬಿನ ಕೆಲಸ ಮೊದಲು ಕರಗುತ್ತದೆ. ಅದು ಪೂರ್ತಿ ಇಂದೇ ಹೋಗುವುದಿಲ್ಲ. ಯಂತ್ರ ತಿರುಗಲು ಸಾಲಿನ ನಡುವೆ ನಾಲ್ಕು ಅಡಿಗೂ ಹೆಚ್ಚು ಅಂತರ, ದೊಡ್ಡ ಹೊಲ ಬೇಕು, ಹಸಿ ಎರೆಭೂಮಿಯಲ್ಲಿ ಅದು ಹೂತುಕೊಳ್ಳುತ್ತದೆ. ಆದರೂ ದಿಕ್ಕು ಸ್ಪಷ್ಟ. ಈ ಕೆಲಸ ಹೋಗುವುದಕ್ಕೆ ಅಳಬೇಕಾಗಿಲ್ಲ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ ಗರ್ಭಕೋಶ ತೆಗೆಸಿಕೊಂಡವರು ಎಷ್ಟೋ ಮಂದಿ ಎಂಬುದು 2019ರಲ್ಲಿ ಬಯಲಾದಾಗ ಮಹಾರಾಷ್ಟ್ರ ಸರ್ಕಾರ ತನಿಖಾ ಸಮಿತಿ ನೇಮಿಸಬೇಕಾಯಿತು. ಒಂದು ದಿನ ಕೆಲಸ ತಪ್ಪಿದರೂ ದಂಡ ತೆರಬೇಕಾದ ಕೆಲಸವದು. ಮ್ಯಾನ್‌ಹೋಲಿಗೆ ಮನುಷ್ಯ ಇಳಿಯಬಾರದೆಂದು ಕೇರಳದ ಯುವಕರು ‘ಬ್ಯಾಂಡಿಕೂಟ್’ ರೋಬೊ ಕಟ್ಟಿದಾಗ ಕೆಲಸ ಹೋಯಿತೆಂದು ಯಾರೂ ಮರುಗಲಿಲ್ಲ. ಕಬ್ಬಿನ ಗದ್ದೆಗೂ ಅದೇ ನ್ಯಾಯ ಸಲ್ಲಬೇಕು, ಒಂದು ಶರತ್ತಿನ ಮೇಲೆ: ಕೊಯ್ತಾ ಬಿಟ್ಟವರಿಗೆ ಯಂತ್ರದಲ್ಲಿ ಪಾಲು ಸಿಗಬೇಕು.

ಮಹಾರಾಷ್ಟ್ರದ 2023ರ ಸಹಾಯಧನದ ಲೆಕ್ಕಾಚಾರದಲ್ಲಿ ಆ ಪಾಲಿರಲಿಲ್ಲ. 35 ಲಕ್ಷ ಸರ್ಕಾರ ಕೊಟ್ಟರೂ ಉಳಿದದ್ದನ್ನು ಹೊಂದಿಸಬಲ್ಲವರು ಕಾರ್ಖಾನೆಗಳು, ದೊಡ್ಡ ಹಿಡುವಳಿದಾರರು, ಹಣವಿರುವ ಗುತ್ತಿಗೆದಾರರು. ಮುಂಗಡದ ಸಾಲದಲ್ಲಿರುವ ಕುಟುಂಬ ಆ ಅರ್ಜಿಯ ಹತ್ತಿರವೂ ಸುಳಿಯಲಾರದು. ಕರ್ನಾಟಕದಲ್ಲಿ 2014–15ರಿಂದ ಹೋಬಳಿ ಮಟ್ಟದಲ್ಲಿ ‘ಕೃಷಿ ಯಂತ್ರಧಾರೆ’ ಬಾಡಿಗೆ ಕೇಂದ್ರಗಳಿವೆ. ಗಡಿ ಕೆಲವೇ ಕಿಲೊಮೀಟರ್ ಆಚೆಗಿದ್ದರೂ ಆ ವ್ಯವಸ್ಥೆ ಬಾಲಗಾಂವಕ್ಕೆ ಅನ್ವಯಿಸುವುದಿಲ್ಲ. ಡ್ರೋನ್ ದೀದಿಯ ಮಾದರಿ ಈ ದೃಷ್ಟಿಯಿಂದ ಮೇಲು. ಅಲ್ಲಿ ಯಂತ್ರ ಸಂಘದ ಹೆಸರಿನಲ್ಲಿರುತ್ತದೆ, ಹಾರಿಸುವವಳಿಗೆ ತರಬೇತಿಯೂ ಸೇರಿರುತ್ತದೆ.

ತರಬೇತಿ ಅಂದಾಗ ಗಡಿನಾಡಿನ ಇನ್ನೊಂದು ತೊಡಕು ಎದುರಾಗುತ್ತದೆ. ಜತ್ತದ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಯಲ್ಲಿ ಕಲಿತ ಹುಡುಗನಿಗೆ ಯಂತ್ರದ ಕೈಪಿಡಿ ಇಂಗ್ಲಿಷಿನಲ್ಲಿ, ತರಬೇತಿ ಮರಾಠಿಯಲ್ಲಿ ಸಿಗುತ್ತದೆ. ಮಾತಾಡಲು ಮರಾಠಿ ಬರುತ್ತದೆ ನಿಜ, ಆದರೆ ಹೈಡ್ರಾಲಿಕ್ ಒತ್ತಡ, ಸೆನ್ಸರ್ ದೋಷದ ಸೂಚನೆಗಳನ್ನು ಅರ್ಥಮಾಡಿಕೊಳ್ಳುವುದು ಬೇರೆ ಮಾತು. ಶಾಲೆಗಳಲ್ಲಿ ರೊಬೊಟಿಕ್ಸ್ ಕಲಿಸಲು 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬುಗಳಿಗೆ ತಲಾ 20 ಲಕ್ಷ ರೂಪಾಯಿ ಅನುದಾನವಿದೆ. 2025ರ ಬಜೆಟ್ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್ ಕೊಡುವುದಾಗಿ ಹೇಳಿದೆ. ಅವುಗಳಲ್ಲಿ ಕೆಲವಾದರೂ ಆರು ತಿಂಗಳು ಗುಳೆ ಹೋಗುವ ಊರುಗಳ ಶಾಲೆಗೆ, ಕನ್ನಡದ ಪಾಠಗಳೊಂದಿಗೆ ಬರಬೇಕು. ಭಾಷಾಂತರದ ನೆಪ ಈಗ ಉಳಿದಿಲ್ಲ. ಕೇಂದ್ರದ್ದೇ ‘ಭಾಷಿಣಿ’ ವೇದಿಕೆ 2022ರಿಂದ ಇದೆ.

ಹಣಕ್ಕೂ ಒಂದು ಮೂಲ ಕಣ್ಣೆದುರಿಗಿದೆ. ಕಬ್ಬು ಕಡಿಯುವವರ ಕಲ್ಯಾಣಕ್ಕಾಗಿ ಮಹಾರಾಷ್ಟ್ರದಲ್ಲಿ ಗೋಪಿನಾಥ ಮುಂಡೆ ಹೆಸರಿನ ಮಹಾಮಂಡಳವಿದೆ. ಕಾರ್ಖಾನೆಗಳಿಂದ ಅರೆದ ಕಬ್ಬಿನ ಟನ್ನಿಗೆ 10 ರೂಪಾಯಿಯಂತೆ ವಂತಿಗೆ ಪಡೆಯುವ ಏರ್ಪಾಡು ಅದಕ್ಕಿದೆ. ಯಂತ್ರ ಕಡಿದ ಕಬ್ಬಿನ ಟನ್ನಿಗೆ ಆ ವಂತಿಗೆಯನ್ನು ಹೆಚ್ಚಿಸಿ, ಹೆಚ್ಚುವರಿ ಹಣವನ್ನು ಗ್ಯಾಂಗುಗಳ ಸಹಕಾರಿ ಸಂಘಗಳಿಗೆ ಯಂತ್ರ ಕೊಳ್ಳಲು ಷೇರು ಬಂಡವಾಳವಾಗಿ ಕೊಡಬಹುದು. ಸಾಂಗ್ಲಿ ಜಿಲ್ಲೆಗೆ ಸಹಕಾರಿ ಸಂಘ ಕಟ್ಟುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿನ ಸಕ್ಕರೆ ಕಾರ್ಖಾನೆಗಳಲ್ಲಿ ಅನೇಕವು ನಿಂತದ್ದೇ ರೈತರ ಷೇರು ಹಣದಿಂದ. ಬೆಳೆದವರಿಗೆ ಅಂದು ಸಿಕ್ಕ ಆ ಷೇರುಪತ್ರ ಕಡಿಯುವವರಿಗೆ ಈವರೆಗೆ ಸಿಕ್ಕಿಲ್ಲ.