ಮೊದಲು ಕೈ, ಆಮೇಲೆ ಬೈರಿಗೆ

ನಾನು ಹಾನಗಲ್ಲಿನ ಬಡಿಗೇರರ ಮನೆಯವನು. ಬೆಂಗಳೂರಿನಲ್ಲಿ ಬೌಲಿಂಗ್ ಚೆಂಡುಗಳಿಗೆ ತೂತು ಕೊರೆಯುವುದು ನನ್ನ ಹೊಟ್ಟೆಪಾಡು. ಊರಿಗೆ ಹೋದಾಗ ಇದನ್ನು ಹೇಳಿದರೆ ಜನ ಕ್ರಿಕೆಟ್ ನೆನೆಸಿಕೊಂಡು, ‘ಚೆಂಡಿಗೆ ಯಾಕೋ ತೂತು?’ ಎಂದು ನಗುತ್ತಾರೆ. ಇದು ಬೇರೆ ಆಟ. ಅರವತ್ತು ಅಡಿ ಉದ್ದದ, ಎಣ್ಣೆ ಸವರಿದ ಹಲಗೆಯ ಮೇಲೆ ಭಾರದ ಚೆಂಡು ಉರುಳಿಸಿ, ಆ ತುದಿಯಲ್ಲಿ ನಿಂತ ಹತ್ತು ಪಿನ್ನುಗಳನ್ನು ಕೆಡವಬೇಕು. ಚೆಂಡು 16 ಪೌಂಡ್ ದಾಟುವಂತಿಲ್ಲ. ಹೆಬ್ಬೆರಳಿಗೊಂದು, ಉಳಿದೆರಡು ಬೆರಳುಗಳಿಗೆ ಎರಡು, ಹೀಗೆ ಮೂರು ತೂತು. ಏಷ್ಯನ್ ಕ್ರೀಡಾಕೂಟಕ್ಕೆ ಈ ಆಟ 1978ರಲ್ಲೇ ಬಂತು.

ಒಂದು ಶನಿವಾರ ಸಂಜೆ, ಅಂಗಡಿ ತುಂಬಿದ್ದಾಗ, ಹಿರೇಕೆರೂರು ಕಡೆಯ ಹುಡುಗನೊಬ್ಬ ಹೊಸ ಚೆಂಡು ಹಿಡಿದು ಬಂದ. ಮನೆಯಲ್ಲಿ ಹತ್ತಿ, ಗೋವಿನಜೋಳ. ಇವನದು ಸಾಫ್ಟ್‌ವೇರ್ ಕೆಲಸ. ಮೊಬೈಲಿನಲ್ಲಿ ಹೊರದೇಶದ ಹೆಸರಾಂತ ಆಟಗಾರನ ಚೆಂಡಿನ ಚಿತ್ರ ತೋರಿಸಿ, ‘ಅಣ್ಣಾ, ಹಿಂಗ ಹೊಡದ್ ಕೊಡ್ರಿ’ ಎಂದ. ನಮ್ಮ ಸೀಮೆಯ ಮಾತು ಕೇಳಿ ಖುಷಿಯಾಗಿ, ಚಿತ್ರದಲ್ಲಿದ್ದಂತೆಯೇ ಹೊಡೆದುಕೊಟ್ಟೆ. ಎರಡು ವಾರಕ್ಕೆ ಜೋಲುಮುಖ ಹಾಕಿಕೊಂಡು ಬಂದ. ಚೆಂಡು ಅರ್ಧ ದಾರಿಯಲ್ಲೇ ಎಡಕ್ಕೆ ಹೊರಳಿ, ಪಿನ್ನಿನ ಹತ್ತಿರ ಹೋಗುವಷ್ಟರಲ್ಲಿ ಸುಸ್ತಾಗುತ್ತಿತ್ತು. ತಪ್ಪು ಅವನದಲ್ಲ, ನನ್ನದು. ಅವನು ಚೆಂಡು ಬಿಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಒಳ್ಳೆಯ ಚೆಂಡಿನ ಹೊಟ್ಟೆಯಲ್ಲಿ ಒಂದು ಭಾರದ ಗಡ್ಡೆ ಇರುತ್ತದೆ. ಅದರ ತಲೆ ಎಲ್ಲಿದೆ ಎಂದು ತೋರಿಸಲು ಮೇಲ್ಮೈಯಲ್ಲಿ ಬಣ್ಣದ ಚುಕ್ಕೆ. ಕೈ ಬಿಟ್ಟ ಚೆಂಡು ಗಾಲಿಯಂತೆ ಒಂದು ಅಚ್ಚಿನ ಸುತ್ತ ತಿರುಗುತ್ತದೆ. ಆ ಅಚ್ಚಿನ ತುದಿ ಎಲ್ಲಿ ಬರುತ್ತದೆ ಎನ್ನುವುದು ಮಣಿಕಟ್ಟು, ಬೆರಳು, ವೇಗದ ಮೇಲೆ ನಿಂತಿದೆ, ಒಬ್ಬರದ್ದು ಇನ್ನೊಬ್ಬರದ್ದಲ್ಲ. ಚುಕ್ಕೆಗೂ ಈ ತುದಿಗೂ ಸುಮಾರು 3⅜ ಇಂಚು ಅಂತರವಿದ್ದರೆ ಚೆಂಡು ಓಲಾಡುವುದು ಹೆಚ್ಚು. ಆಗ ಪ್ರತಿ ಸುತ್ತಿಗೂ ಎಣ್ಣೆ ಹತ್ತದ ಹೊಸ ಮೈ ಹಲಗೆಗೆ ತಾಗಿ ಹಿಡಿತ ಸಿಗುತ್ತದೆ. ಅಂತರ ಸೊನ್ನೆಯ ಕಡೆಗೋ 6¾ ಇಂಚಿನ ಕಡೆಗೋ ಸರಿದಂತೆಲ್ಲ ಓಲಾಟ ಕಡಿಮೆ. ಚಿತ್ರದ ಜೊತೆ ಕೊಟ್ಟಿದ್ದ ಅಳತೆಯಲ್ಲಿ ಅಂತರ 5 ಇಂಚು. ಆದರೆ ಈ ಹುಡುಗನ ಅಚ್ಚಿನ ತುದಿ ತೂತುಗಳಿಗೆ ಒಂದೂವರೆ ಇಂಚು ಹತ್ತಿರ. ತೂತು ಅದೇ ಜಾಗದಲ್ಲಿದ್ದರೂ ಅವನ ಕೈಯಲ್ಲಿ ಅಂತರ 3½ಕ್ಕೆ ಇಳಿದಿತ್ತು. ಮೊದಲೇ ನಿಧಾನವಾಗಿ ಬಿಟ್ಟು ಹೆಚ್ಚು ತಿರುಗಿಸುವ ಕೈ. ಅದಕ್ಕೆ ಬೇಗ ಹಿಡಿತ ಸಿಗುವ ಚೆಂಡು. ಇಳಿಜಾರಿನಲ್ಲಿ ಎತ್ತಿಗೆ ಚಾಟಿ ಬೀಸಿದಂತಾಯಿತು.

ಅಂದಿನಿಂದ ಯಾರೇ ಬರಲಿ, ಮೊದಲು ಅವರ ಹಳೆಯ ಚೆಂಡಿನಲ್ಲಿ ಐದಾರು ಸಲ ಆಡಿಸುತ್ತೇನೆ. ಚೆಂಡಿನ ಮೇಲೆ ಎಣ್ಣೆಯ ಬಳೆ ಮೂಡುತ್ತದೆ. ಅದರಿಂದ ಅಚ್ಚಿನ ತುದಿ ಅಳೆದು, ಅಲ್ಲೊಂದು ಬಿಳಿ ಟೇಪಿನ ಚೂರು ಅಂಟಿಸಿ ಮತ್ತೆ ಆಡಿಸುತ್ತೇನೆ. ಕೈ ಬಿಟ್ಟ ಕೂಡಲೇ ಟೇಪು ಅಲುಗಾಡದೆ ಇದ್ದಲ್ಲೇ ತಿರುಗಿದರೆ ಅಳತೆ ಸರಿ. ಅರ್ಧ ಗಂಟೆ ಹಿಡಿಯುತ್ತದೆ. ಗಿರಾಕಿಗಳು ಗಡಿಯಾರ ನೋಡುತ್ತಾರೆ. ನೋಡಲಿ.

ಈ ಬುದ್ಧಿ ನನಗೆ ಹೊಸದಾಗಿ ಬರಬೇಕಿರಲಿಲ್ಲ. ಅಪ್ಪ ಕೂರಿಗೆ ಮಾಡುತ್ತಿದ್ದ. ಕಟ್ಟಿಗೆಯ ಬಟ್ಟಲಿಗೆ ತೂತು, ತೂತಿಗೆ ಬಿದಿರಿನ ಕೊಳವೆ, ಕೊಳವೆಯಿಂದ ತಾಳಿನ ಹಿಂದೆ ಕಾಳು. ಹಾನಗಲ್ಲಿನ ಕೂರಿಗೆ ಭತ್ತಕ್ಕೆ ಒಂದು ತೂತು, ಸವಣೂರಿನ ಎರೆ ಹೊಲದ ಜೋಳಕ್ಕೆ ಇನ್ನೊಂದು, ಶಿಗ್ಗಾವಿ ಕಡೆಯವರು ಶೇಂಗಾಕ್ಕೆ ಕೇಳಿದರೆ ಮತ್ತೊಂದು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಬಟ್ಟಲಿಗೆ ಕಾಳು ಬಿಡುವವಳು ಹೆಣ್ಣುಮಗಳು. ಅವಳನ್ನೇ ಕರೆಸಿ, ‘ಒಂದ್ ಮುಷ್ಟಿ ಬಿಡವ್ವಾ, ನೋಡೂಣು’ ಎನ್ನುತ್ತಿದ್ದ. ಕೆಲವರ ಮುಷ್ಟಿ ಬಿಗಿ, ಕೆಲವರದು ಸಡಿಲ. ಅದನ್ನು ನೋಡಿ ಬಟ್ಟಲಿನ ಬಾಯಿ ಕೆತ್ತುತ್ತಿದ್ದ. ರೋಹಿಣಿ ಮಳೆಗೆ ಮುಂಚೆ ಅಂಗಳದ ತುಂಬ ಜನ ಕಾದಿದ್ದರೂ ಈ ಶಾಸ್ತ್ರ ತಪ್ಪುತ್ತಿರಲಿಲ್ಲ. ‘ಮೊದ್ಲ ಕೈ ನೋಡು, ಆಮ್ಯಾಲೆ ಬೈರಿಗಿ ಹಿಡಿ’ ಎಂದು ನನಗೂ ಹೇಳುತ್ತಿದ್ದ. ಕಾಳು ಬಿಡುವುದಕ್ಕೂ ಚೆಂಡು ಬಿಡುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತಿದೆ. ನನಗದು ತಡವಾಗಿ ಕಿವಿಗೆ ಬಿತ್ತು.

ತೂತಿನ ಜಾಗದಿಂದಲೇ ಆಟ ಬರುವುದಿಲ್ಲ, ನಿಜ. ಮೊದಲು ಬೆರಳಿಗೆ ಸರಿಯಾಗಿ ಕೂರಬೇಕು, ಆಮೇಲೆ ಚೆಂಡಿನ ಮೈ ಎಣ್ಣೆಗೆ ಹೊಂದಬೇಕು, ಗಡ್ಡೆಯ ಲೆಕ್ಕ ಮೂರನೆಯದು. ಆದರೆ ಉಜ್ಜಿ ಮೈ ಬದಲಿಸಬಹುದು. ಕೊರೆದ ತೂತನ್ನು ಹಿಂದಕ್ಕೆ ಪಡೆಯಲಾಗದು. ಮೊದಲೆಲ್ಲ ತೂಕ ಸರಿದೂಗಿಸಲು ಬೆರಳಿಡದ ಇನ್ನೊಂದು ತೂತು ಹಾಕಿ ತೇಪೆ ಹಚ್ಚುತ್ತಿದ್ದೆವು. ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ 2020ರ ಆಗಸ್ಟ್ 1ರಿಂದ ತನ್ನ ಪಂದ್ಯಗಳಲ್ಲಿ ಅದನ್ನು ನಿಲ್ಲಿಸಿತು. ಈಗ ತಪ್ಪಿದರೆ ತೂತು ತುಂಬಿ, ಒಣಗಿಸಿ, ಮತ್ತೆ ಕೊರೆಯಬೇಕು. ಹಿರೇಕೆರೂರಿನ ಹುಡುಗನಿಗೆ ಹಾಗೇ ಮಾಡಿಕೊಟ್ಟೆ, ನನ್ನ ಖರ್ಚಿನಲ್ಲಿ.

ಆದ್ದರಿಂದ ನನ್ನ ಕಸುಬಿನವರಿಗೆ ಹೇಳುವುದಿಷ್ಟು: ಗಿರಾಕಿ ಚೆಂಡು ಬಿಡುವುದನ್ನು ನೋಡದೆ ಯಂತ್ರ ಚಾಲೂ ಮಾಡಬೇಡಿ. ಆಟಗಾರರಿಗೆ: ಇನ್ನೊಬ್ಬರ ಚಿತ್ರ ತರಬೇಡಿ, ನಿಮ್ಮ ಕೈ ತನ್ನಿ.

ನಮ್ಮ ತಾಲ್ಲೂಕುಗಳಿಗೆ ಸಲಕರಣೆ ಹಂಚುವವರಿಗೂ ಇದೇ ಮಾತು. ಹೋದ ಮುಂಗಾರಿನಲ್ಲಿ ನನ್ನ ಅಕ್ಕನಿಗೆ ಯಾವುದೋ ಯೋಜನೆಯಲ್ಲಿ ಸೈಕಲ್ ಎಡೆಕುಂಟೆ ಬಂತು. ಹಿಡಿಕೆ ಅವಳ ಎದೆ ದಾಟುವಷ್ಟು ಎತ್ತರ. ಆರಡಿ ಗಂಡಸಿನ ಅಳತೆ. ಎರಡು ಸಾಲು ತಳ್ಳಿ, ಹೆಗಲು ನೋವಾಗಿ ಗೋಡೆಗೆ ಒರಗಿಸಿಟ್ಟಳು. ಖರೀದಿ ಮಾಡುವ ಮುನ್ನ ಒಂದು ಸಂತೆಯ ದಿನ ಟೇಪು ಹಿಡಿದು ಹತ್ತಿಪ್ಪತ್ತು ಹೆಣ್ಣುಮಕ್ಕಳ ಅಳತೆ ತೆಗೆದುಕೊಂಡಿದ್ದರೆ ಸಾಕಿತ್ತು. ನಾನು ದೀಪಾವಳಿಗೆ ಹೋದಾಗ ಅಪ್ಪನ ಗರಗಸದಿಂದ ಹಿಡಿಕೆಯನ್ನು ಒಂದು ಗೇಣು ಕೊಯ್ದೆ. ಕೊಯ್ಯುವ ಮುಂಚೆ, ‘ಅಕ್ಕಾ, ಒಂದೀಟು ತಳ್ಳು, ನೋಡೂಣು’ ಎಂದೆ.