ಮೀನು ಸುಮ್ಮಸುಮ್ಮನೆ ಸಾಯೋದಿಲ್ಲ ಸ್ವಾಮೀ

ಮೊನ್ನೆ ಗೆಳೆಯರೊಬ್ಬರ ಫೋನು. "ಹದಿನೈದು ದಿನದಲ್ಲಿ ಐದು ಮೀನು ಹೋದ್ವು ಮಾರಾಯ್ರೆ. ತೊಟ್ಟಿ ಹೊಸದು, ನೀರು ಕನ್ನಡಿ ಹಾಗಿದೆ, ಉಪ್ಪೂ ಅಳತೆ ಪ್ರಕಾರ ಹಾಕಿದೀನಿ. ಕಾರಣಾನೇ ಗೊತ್ತಾಗ್ತಿಲ್ಲ." ಹಿಂದಿನಿಂದ ಅವರಮ್ಮನ ದನಿ ಕೇಳಿಸಿತು: "ಮನೆಗೆ ಬರೋ ಗಂಡಾಂತರ ಅವು ತಗೊಂಡು ಹೋದ್ವು ಬಿಡೋ."

ನನಗೆ ರೇಗಿದ್ದು ಆ ಮಾತಿಗೆ. ಯಾಕಂದ್ರೆ ಅದೇ ಮಾತಿನಲ್ಲಿ ನಾನೂ ಒಮ್ಮೆ ಬಚ್ಚಿಟ್ಟುಕೊಂಡಿದ್ದೆ. ಮಗಳು 'ಫೈಂಡಿಂಗ್ ನೀಮೊ' ನೋಡಿ ಹಟ ಹಿಡಿದಳು. ಒಂದು ಶನಿವಾರ ತೊಟ್ಟಿ, ಉಪ್ಪು, ಮೀನು ಎಲ್ಲ ಒಟ್ಟಿಗೇ ತಂದೆ. ಮುಂದಿನ ಶನಿವಾರ ಎರಡು ಮೀನು ದಾಸವಾಳದ ಬುಡ ಸೇರಿದವು. ಅಂಗಡಿಯವ "ವೀಕ್ ಪೀಸು ಸಾರ್, ಒಂದೊಂದು ಹಂಗೇ" ಅಂದು ಇನ್ನೆರಡು ಕೊಟ್ಟ. ಕೆಟ್ಟ ಬಲ್ಬು ಬದಲಾಯಿಸಿದ ಹಾಗೆ ಬದಲಾಯಿಸುತ್ತಾ ಹೋದೆ. ಏಳನೆಯದು ಸತ್ತಾಗ ಮಗಳು ಕೇಳಿದಳು: "ನಮ್ಮ ಗಂಡಾಂತರ ಮೀನು ತಗೊಳ್ತು. ಮೀನಿನ ಗಂಡಾಂತರ ಯಾರಪ್ಪ?" ನಾನು ಉತ್ತರ ಕೊಡಲಿಲ್ಲ. ಉತ್ತರ ಗೊತ್ತಿತ್ತು.

ವಿಷಯ ಇಷ್ಟೇ. ಮೀನಿನ ಕಿವಿರಿನಿಂದ, ಹೇಲಿನಿಂದ, ತಿನ್ನದೇ ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದನ್ನು ನೈಟ್ರೈಟ್ ಮಾಡುವುದು ಒಂದು ಜಾತಿಯ ಬ್ಯಾಕ್ಟೀರಿಯಾ, ನೈಟ್ರೈಟನ್ನು ನೈಟ್ರೇಟ್ ಮಾಡುವುದು ಇನ್ನೊಂದು. ಇವು ಕಲ್ಲು, ಮರಳಿನ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿ ಅಂದ್ರೆ ಮೋರಿ ಇಲ್ಲದ ಬಡಾವಣೆ. ಸಮುದ್ರದ ನೀರು ಕ್ಷಾರ ಬೇರೆ, ಪಿಎಚ್ 8ರ ಮೇಲೆ. ಕ್ಷಾರ ಏರಿದಷ್ಟೂ ಅಮೋನಿಯಾದ ವಿಷ ಏರುತ್ತದೆ. ಅಮೋನಿಯಾಕ್ಕೆ ಬಣ್ಣ ಇಲ್ಲ. ಹಾಗಾಗಿ ನೀರು ಕನ್ನಡಿ ಹಾಗಿದೆ ಅನ್ನೋದು ಯಾವ ಸಾಕ್ಷಿಯೂ ಅಲ್ಲ.

ಸರಿ, ಅಮೋನಿಯಾ ಸೊನ್ನೆ ಇದೆ ಅಂತಿಟ್ಟುಕೊಳ್ಳಿ. ಆಗಲೂ "ಕಾರಣ ಇಲ್ಲ" ಅನ್ನಬೇಡಿ, ಮುಂದಿನ ಬಾಗಿಲು ತಟ್ಟಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನೀರು ಇಳಿದಾಗಲೆಲ್ಲ ಉಪ್ಪುನೀರೇ ತುಂಬಿಸುತ್ತಿದ್ದರೆ ತೊಟ್ಟಿ ಉಪ್ಪಿನಕಾಯಿ ಭರಣಿಯಾಗುತ್ತದೆ. ಅಲ್ಲಿಗೆ ಬೇಕಾದ್ದು ಸಿಹಿನೀರು. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿದೆಯಾ ಅಂತ ಅಳೆಯಿರಿ. ನಲ್ಲಿ ನೀರಿನ ಕ್ಲೋರಿನ್ ತೆಗೆದಿದ್ದೀರಾ? ರಾತ್ರಿ ಕರೆಂಟ್ ಹೋಗಿ ಪಂಪು ನಿಂತಿತ್ತಾ? ಪಕ್ಕದ ಸ್ವಿಚ್ಚಿನಲ್ಲಿ ಸೊಳ್ಳೆ ಔಷಧಿಯ ಲಿಕ್ವಿಡ್ ಉರೀತಿದೆಯಾ? ಅದರಲ್ಲಿರುವ ಪೈರೆಥ್ರಾಯ್ಡ್ ನಮಗೆ ವಾಸನೆ, ಮೀನಿಗೆ ಘೋರ ವಿಷ. ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುವ ಏರ್ ಪಂಪು ಅದನ್ನೂ ಊದುತ್ತದೆ.

ಮೀನು ಏದುಸಿರು ಬಿಡುತ್ತಾ ನೀರು ಚಿಮ್ಮುವ ಕಡೆಯೇ ನಿಲ್ಲುತ್ತಿದ್ದರೆ, ಮೈಮೇಲೆ ಹೊನ್ನಿನ ಧೂಳು ಬಳಿದ ಹಾಗಿದ್ದರೆ ಅದು ವೆಲ್ವೆಟ್ ಅನ್ನೋ ಪರಾವಲಂಬಿ ಇರಬಹುದು. ದಿನಗಳಲ್ಲೇ ತೊಟ್ಟಿ ಖಾಲಿ ಮಾಡಿಸುತ್ತದೆ. ತಾಮ್ರದ ಔಷಧಿ ಕೊಡುವುದಾದರೆ ಬೇರೆ ತೊಟ್ಟಿಯಲ್ಲಿ ಕೊಡಿ. ದೊಡ್ಡ ತೊಟ್ಟಿಗೇ ಸುರಿದರೆ ಸಿಗಡಿ, ಹವಳಗಳೂ ಹೋಗುತ್ತವೆ.

"ಇಷ್ಟೆಲ್ಲ ಯಾರ್ ನೋಡ್ತಾರೆ ಸಾರ್, ಹವ್ಯಾಸ ತಾನೇ?" ಅಂತೀರಾ? ಹಾಗಾದರೆ ಗೋಡೆಗೆ ಮೀನಿನ ಚಿತ್ರ ಅಂಟಿಸಿಕೊಳ್ಳಿ. ಕ್ಲೌನ್ ಮೀನು ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಅದು ಹತ್ತು ದಿನಕ್ಕೆ ಸತ್ತರೆ ಅದಕ್ಕೆ ಹವ್ಯಾಸ ಅನ್ನೋ ಹೆಸರು ಸಲ್ಲದು. ಉಪ್ಪುನೀರಿನ ಮೀನುಗಳಲ್ಲಿ ಬಹುಪಾಲು ಜಾತಿ ಇವತ್ತಿಗೂ ಕಡಲಿನ ಹವಳದ ದಿಬ್ಬಗಳಿಂದಲೇ ಹಿಡಿದು ತಂದವು. ಕೆಲವು ದೇಶಗಳಲ್ಲಿ ಸಯನೈಡ್ ಚಿಮ್ಮಿಸಿ ಅಮಲು ಬರಿಸಿ ಹಿಡಿಯುವ ಪದ್ಧತಿಯೂ ಇದೆ. ಅಂಥ ಮೀನು ಅಂಗಡಿಯಲ್ಲಿ ಚುರುಕಾಗಿಯೇ ಇದ್ದು ನಿಮ್ಮ ಮನೆಯಲ್ಲಿ ಸಾಯಬಹುದು. ಅಲ್ಲೂ ಕಾರಣ ಇದೆ, ನಿಮ್ಮ ದುಡ್ಡೂ ಅದರಲ್ಲಿದೆ. ಕ್ಲೌನ್ ಮೀನನ್ನು ನಮ್ಮ ದೇಶದಲ್ಲೇ ಮರಿ ಮಾಡಿಸುತ್ತಾರೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಆ ವಿಧಾನ ರೂಪಿಸಿದೆ. ಸಾಕಣೆಯ ಮರಿ ಇದೆಯಾ ಅಂತ ಕೇಳಿ. ಅಂಗಡಿಯವ ತಡವರಿಸಿದರೆ ವಾಪಸ್ ಬನ್ನಿ.

ಗೆಳೆಯರಿಗೆ ಹೇಳಿದ್ದು ಇಷ್ಟು: ಇವತ್ತು ಹೊಸ ಮೀನು ತರಬೇಡಿ. ಮೊದಲು ಟೆಸ್ಟ್ ಕಿಟ್ ತನ್ನಿ. ಅಮೋನಿಯಾ ಕಂಡರೆ ಹಿಂದಿನ ದಿನವೇ ಕಲಸಿಟ್ಟ, ಅದೇ ಉಪ್ಪು ಅದೇ ಬಿಸಿಯ ನೀರಿನಿಂದ ಒಂದು ಪಾಲು ಬದಲಾಯಿಸಿ. ಸತ್ತ ಮೀನು ಕಾಣದಿದ್ದರೆ ಕಲ್ಲಿನ ಸಂದಿಯಲ್ಲಿ ಹುಡುಕಿ ತೆಗೆಯಿರಿ, ಅದು ಕೊಳೆತು ಉಳಿದವನ್ನೂ ಕೊಲ್ಲುತ್ತದೆ. ಸಾವು ನಿಂತು, ಅಮೋನಿಯಾ ವಾರಗಟ್ಟಲೆ ಸೊನ್ನೆಯಲ್ಲೇ ಉಳಿದ ಮೇಲೆ ಒಂದೇ ಒಂದು ಮೀನು ತನ್ನಿ. ಅದನ್ನೂ ತಿಂಗಳೊಪ್ಪತ್ತು ಬೇರೆ ಇಟ್ಟು ನೋಡಿ, ಆಮೇಲೆ ಬಿಡಿ.

"ಅಲ್ಲೀತನಕ ತೊಟ್ಟಿ ಖಾಲಿ ಕಾಣುತ್ತಲ್ಲ?" ಅಂದರು.

ಕಾಣಲಿ ಬಿಡಿ. ನಮ್ಮನೇದು ಆಮೇಲೆ ಎರಡು ತಿಂಗಳು ಖಾಲಿಯೇ ಇತ್ತು. ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಒಂದು ಸಿಗಡಿ ತುಂಡು ಹಾಕಿ ಕೊಳೆಯಲು ಬಿಟ್ಟಿದ್ದೆವು. ಮಗಳು ದಿನಾ ಟೆಸ್ಟ್ ಮಾಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಆಮೇಲೆ ತಂದ ಎರಡು ಕ್ಲೌನ್ ಮೀನು ಇವತ್ತಿಗೂ ಇವೆ.